ತುಂಗಾಪಾನ: ಒಂದು ನಾಣ್ಣುಡಿಯ ಅರ್ಥ ಮತ್ತು ಆಚರಣೆ

(ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯ ಉಪನ್ಯಾಸ)

ಶ್ರೀ ವೀತರಾಗಾಯ ನಮಃ



ಬಸದಿಯ ಪ್ರತಿಷ್ಠಾಕಾರ್ಯದಲ್ಲಿ ಮೊದಲಿನಿಂದ ಕೊನೆಯವರೆಗೂ ಬೇಕಾಗುವ ದ್ರವ್ಯ ನೀರು. ಅಗ್ರೋದಕವನ್ನು ಮೆರವಣಿಗೆಯಲ್ಲಿ ತರುವುದರಿಂದ ಕಾರ್ಯವು ಮೊದಲಾಗುತ್ತದೆ. ಜನ್ಮಕಲ್ಯಾಣದ ದಿನ ಪಾಂಡುಕಶಿಲೆಯ ಮೇಲೆ ಬಾಲತೀರ್ಥಂಕರನಿಗೆ ನಡೆಯುವ ಅಭಿಷೇಕದಲ್ಲಿ ಕಲಶದ ನೀರನ್ನು ಕ್ಷೀರಸಾಗರದ ನೀರೆಂದೇ ಭಾವಿಸಲಾಗುತ್ತದೆ. ಕೊನೆಗೆ ಅದೇ ನೀರು ಗಂಧೋದಕವಾಗಿ ಭವ್ಯರ ಶಿರಸ್ಸನ್ನು ಸೇರುತ್ತದೆ. ಭಾವನೆಯಲ್ಲಿ ಅದು ಕ್ಷೀರಸಾಗರದ ಜಲವಾದರೂ, ಶಿವಮೊಗ್ಗ ಭದ್ರಾವತಿಗಳ ಸೀಮೆಯಲ್ಲಿ ಕೊಡದೊಳಗೆ ಇರುವುದು ತುಂಗೆಯ ನೀರು, ಇಲ್ಲವೇ ಭದ್ರೆಯ ನೀರು. ಆದುದರಿಂದ ಈ ಸಭೆಯಲ್ಲಿ ಈ ನೀರನ್ನೇ ಕುರಿತು ನಾಡಿನಲ್ಲಿ ಹುಟ್ಟಿದ ಒಂದು ನಾಣ್ಣುಡಿಯನ್ನು ವಿಚಾರಕ್ಕೆ ಎತ್ತಿಕೊಳ್ಳುವುದು ಅಪ್ರಸ್ತುತವಾಗಲಾರದು. 'ಗಂಗಾಸ್ನಾನ, ತುಂಗಾಪಾನ' ಎಂಬುದೇ ಆ ನುಡಿ. ಅದನ್ನು ಕೇಳದ ಕನ್ನಡಿಗರು ವಿರಳ. ಆದರೆ ಬಾಯಿಗೆ ರೂಢಿಯಾದ ಮಾತಿನ ಅರ್ಥವನ್ನು ನಿಂತು ಯೋಚಿಸುವವರೂ ವಿರಳವೇ.

ಮೊದಲು ಈ ನುಡಿಯ ರಚನೆಯನ್ನು ನೋಡಬಹುದು. ಇದರಲ್ಲಿರುವುದು ನಾಲ್ಕೇ ಪದಗಳು, ಎರಡು ಸಮಾಸಗಳು. ಕ್ರಿಯಾಪದವಿಲ್ಲ. 'ಮಾಡು' ಎಂಬ ವಿಧಿಯೂ ಇಲ್ಲ, 'ಶ್ರೇಷ್ಠ' ಎಂಬ ಹೊಗಳಿಕೆಯೂ ಇಲ್ಲ. ಗಂಗಾ ತುಂಗಾ, ಸ್ನಾನ ಪಾನ ಎಂದು ಕನ್ನಡದ ಕಿವಿಗೆ ಪ್ರಿಯವಾದ ದ್ವಿತೀಯಾಕ್ಷರ ಪ್ರಾಸವು ಎರಡು ಕಡೆಯೂ ಸಹಜವಾಗಿ ಕೂಡಿಬಂದಿದೆ. ಪದಗಳೆಲ್ಲ ಸಂಸ್ಕೃತದವಾದರೂ ನುಡಿಯು ತುಂಗೆಯ ದಡದ್ದು. ಗಂಗೆಯ ಸ್ನಾನಕ್ಕೆ ಎಂತಹ ಹಿರಿಮೆಯೋ ತುಂಗೆಯ ನೀರನ್ನು ಕುಡಿಯುವುದಕ್ಕೆ ಅಂತಹ ಹಿರಿಮೆ ಎಂಬುದು ಇದರ ನೇರವಾದ ಅರ್ಥ. ಬಹುದೂರದ ಮಹಾನದಿಯ ಪಕ್ಕದಲ್ಲಿ ಊರ ಹೊಳೆಯನ್ನು ನಿಲ್ಲಿಸಿ ನೋಡುವ ಅಭಿಮಾನ ಈ ನುಡಿಯಲ್ಲಿದೆ. ಆದರೆ ಆ ಅಭಿಮಾನದಲ್ಲಿ ಅಹಂಕಾರವಿಲ್ಲ.

ಬಳಕೆಯಲ್ಲಿ ಈ ನುಡಿಗೆ ಮೂರು ಸಂದರ್ಭಗಳುಂಟು. ಹೊರಊರಿನಿಂದ ಬಂದವರಿಗೆ ನೀರು ಕೊಡುವಾಗ ಮನೆಯವರು ಇದನ್ನು ಹೇಳುತ್ತಾರೆ. ಮಲೆನಾಡಿನಲ್ಲಿ ಬಂದವರಿಗೆ ಮೊದಲು ಬೆಲ್ಲ ಮತ್ತು ನೀರನ್ನು ಮುಂದಿಡುವುದು ವಾಡಿಕೆಯಷ್ಟೆ. ತುಂಗೆಯ ನೀರಾದರೆ ಬೆಲ್ಲವೇಕೆ ಎಂದು ನಗೆಯಾಡುವವರೂ ಇದ್ದಾರೆ. ಎರಡನೆಯದಾಗಿ, ಪ್ರತಿಯೊಂದು ವಸ್ತುವಿಗೂ ಅದರದೇ ಆದ ಉಪಯೋಗವುಂಟು, ಒಂದರ ಗುಣವನ್ನು ಇನ್ನೊಂದರಲ್ಲಿ ಹುಡುಕಬಾರದು ಎಂದು ಹೇಳಬೇಕಾದಾಗ ಇದು ದೃಷ್ಟಾಂತವಾಗುತ್ತದೆ. ಮೂರನೆಯದಾಗಿ, ದೂರದ ದೊಡ್ಡದನ್ನು ಅರಸುತ್ತ ಹತ್ತಿರದ ಒಳ್ಳೆಯದನ್ನು ಮರೆಯುವವರಿಗೆ ಹಿರಿಯರು ಇದನ್ನು ನೆನಪಿಸುತ್ತಾರೆ.

ತುಂಗೆಯ ನೀರಿಗೆ ಈ ಹೆಸರು ಬಂದುದು ಕೇವಲ ಅಭಿಮಾನದಿಂದಲ್ಲ; ಅದಕ್ಕೆ ನಿಸರ್ಗದಲ್ಲಿ ಕಾರಣವಿದೆ. ತುಂಗೆ ಭದ್ರೆಗಳೆರಡೂ ಪಶ್ಚಿಮಘಟ್ಟದ ವರಾಹಪರ್ವತದಲ್ಲಿ, ಗಂಗಾಮೂಲವೆಂಬ ಸ್ಥಳದಲ್ಲಿ ಹುಟ್ಟುತ್ತವೆ. ವರಾಹಮೂರ್ತಿಯ ಕೋರೆದಾಡೆಗಳಿಂದ ಇಳಿದ ಹನಿಗಳೇ ಈ ನದಿಗಳಾದವೆಂದು ಪುರಾಣದ ಕಥೆ. ತುಂಗೆಯು ಶೃಂಗೇರಿ, ತೀರ್ಥಹಳ್ಳಿ, ಮಂಡಗದ್ದೆ, ಗಾಜನೂರುಗಳನ್ನು ಹಾದು ಶಿವಮೊಗ್ಗಕ್ಕೆ ಬಂದು, ಅಲ್ಲಿಂದ ಸುಮಾರು 15 ಕಿಲೋಮೀಟರ್ ದೂರದ ಕೂಡಲಿಯಲ್ಲಿ ಭದ್ರೆಯನ್ನು ಸೇರುತ್ತದೆ. ಹುಟ್ಟಿನಿಂದ ಸಂಗಮದವರೆಗೆ ಅದರ ಹರಿವು ಸುಮಾರು 147 ಕಿಲೋಮೀಟರ್ ಮಾತ್ರ. ಈ ದಾರಿಯ ಬಹುಭಾಗವು ಕಾಡು ಮತ್ತು ಅಡಕೆ ತೋಟಗಳ ನಾಡು. ಅದಕ್ಕೆ ನೀರನ್ನು ಕೂಡಿಸುವ ಮಾಲತಿ ಹೊಳೆಯು ಬರುವುದು ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯ ಕಡೆಯಿಂದ. ಹೀಗೆ ಹೊಸ ಮಳೆಯ ನೀರು ಕಾಡಿನ ಎಲೆಗೊಬ್ಬರದ ನೆಲದಲ್ಲಿ ಇಂಗಿ, ಗಟ್ಟಿಯಾದ ಬಂಡೆಗಳ ನಡುವೆ ಒಸರಿ, ಬಹುಕಾಲ ನಿಲ್ಲದೆ ಹರಿದುಬರುವುದರಿಂದ ಅದರಲ್ಲಿ ಲವಣಗಳು ಕರಗಿ ಸೇರುವುದು ಕಡಿಮೆ. ಬಯಲುಸೀಮೆಯ ಕೊಳವೆಬಾವಿಯ ಸವುಳು ನೀರನ್ನು ಕುಡಿದವರಿಗೆ ಈ ವ್ಯತ್ಯಾಸವು ನಾಲಗೆಯಿಂದಲೇ ತಿಳಿಯುತ್ತದೆ. ಬೇಳೆ ಬೇಗ ಬೇಯುವುದು, ಸಾಬೂನು ಬೇಗ ನೊರೆಯಾಗುವುದು ಇವೆಲ್ಲ ಮೆದುನೀರಿನ ಲಕ್ಷಣಗಳು.

ಊರಿನ ಹೆಸರಿಗೂ ಈ ಸಿಹಿಗೂ ಸಂಬಂಧವನ್ನು ಜನ ಕಲ್ಪಿಸಿದ್ದಾರೆ. ಶಿವಮೊಗ್ಗವೆಂಬುದು 'ಶಿವಮುಖ' ಎಂಬುದರ ರೂಪವೆಂದು ಕೆಲವರು ಹೇಳಿದರೆ, 'ಸಿಹಿಮೊಗೆ' ಎಂಬುದರಿಂದ ಬಂದುದೆಂದು ಇನ್ನು ಕೆಲವರು ಹೇಳುತ್ತಾರೆ. ಮೊಗೆ ಎಂದರೆ ಮಡಕೆ. ಸಿಹಿನೀರಿನ ಮಡಕೆಯೇ ಊರಿನ ಹೆಸರಾಯಿತೆಂಬ ನಿರ್ವಚನವನ್ನು ಭಾಷಾಶಾಸ್ತ್ರವು ಒಪ್ಪಲಿ ಬಿಡಲಿ, ಜನಮನಸ್ಸು ತನ್ನ ಊರನ್ನು ಹೇಗೆ ಕಂಡಿತೆಂಬುದಕ್ಕೆ ಅದು ಸಾಕ್ಷಿ. ಹಳೆಯ ಊರು ಬೆಳೆದುದೂ ನದಿಯ ಅಂಚಿನಲ್ಲಿಯೇ. ಕೆಳದಿಯ ಶಿವಪ್ಪನಾಯಕನ ಹೆಸರಿನ ಅರಮನೆ ಇರುವ ಕೋಟೆಯ ಬೀದಿಗಳಿಗೆ ಹೊಳೆಯು ಕೂಗಳತೆಯಲ್ಲಿದೆ. ಕೋಟೆಯೆಂಬುದು ಶತ್ರುವಿನಿಂದ ಊರನ್ನು ಕಾಯುವುದಕ್ಕೆ ಕಟ್ಟಿದ್ದು. ಆದರೆ ಕೋಟೆಯೊಳಗಿನವರ ಪ್ರಾಣವನ್ನು ದಿನದಿನವೂ ಕಾದದ್ದು ಆ ಹೊಳೆಯೇ ಎಂಬುದನ್ನು ಮರೆಯಲಾಗದು.

ಇನ್ನು ಈ ನುಡಿಯನ್ನು ಜೈನದೃಷ್ಟಿಯಿಂದ ಪರಿಶೀಲಿಸಿದರೆ ಮೊದಲು ಕಾಣುವುದು ಅದರಲ್ಲಿರುವ ಅಪೇಕ್ಷಾವಾದ. ಗಂಗೆಯೇ ಶ್ರೇಷ್ಠ ಎಂದಾಗಲಿ ತುಂಗೆಯೇ ಶ್ರೇಷ್ಠ ಎಂದಾಗಲಿ ಅದು ಹೇಳುವುದಿಲ್ಲ. ಸ್ನಾನದ ಅಪೇಕ್ಷೆಯಿಂದ ಗಂಗೆ, ಪಾನದ ಅಪೇಕ್ಷೆಯಿಂದ ತುಂಗೆ ಎಂದು ಎರಡು ನಯಗಳಿಂದ ಎರಡು ನದಿಗಳನ್ನು ನೋಡುತ್ತದೆ. ಒಂದನ್ನು ಹೊಗಳುವುದಕ್ಕಾಗಿ ಇನ್ನೊಂದನ್ನು ಹಳಿಯುವ ಏಕಾಂತ ಇದರಲ್ಲಿಲ್ಲ. ಅನೇಕಾಂತವೆಂಬ ಹೆಸರನ್ನು ಕೇಳದ ಜನರೂ ಆಡುವ ಮಾತಿನಲ್ಲಿ ಅನೇಕಾಂತದ ವಿನಯವು ಹೀಗೆ ನೆಲೆಸಿರುವುದು ಸಂತೋಷದ ಸಂಗತಿ. ಗಂಗೆಯೂ ಜೈನರಿಗೆ ಪರಕೀಯಳಲ್ಲ. ತತ್ತ್ವಾರ್ಥಸೂತ್ರದ ಮೂರನೆಯ ಅಧ್ಯಾಯದಲ್ಲಿ ಎಣಿಸಲಾದ 14 ಮಹಾನದಿಗಳಲ್ಲಿ ಗಂಗೆಯೇ ಮೊದಲನೆಯದು. ಸುಪಾರ್ಶ್ವನಾಥ ಮತ್ತು ಪಾರ್ಶ್ವನಾಥ ತೀರ್ಥಂಕರರು ಜನಿಸಿದ ವಾರಾಣಸಿಯು ಗಂಗೆಯ ದಡದಲ್ಲಿದೆ. ಆ ಪಾರ್ಶ್ವನಾಥನ ಶಾಸನದೇವತೆಯಾದ ಪದ್ಮಾವತಿಯ ಕ್ಷೇತ್ರ ಹೊಂಬುಜವು ಇದೇ ಶಿವಮೊಗ್ಗ ಜಿಲ್ಲೆಯಲ್ಲಿದೆ. ಸಾಂತರರ ಕಾಲದ ಪಂಚಬಸದಿ, ಬತ್ತದೆಂದು ಭಕ್ತರು ನಂಬುವ ಮುತ್ತಿನಕೆರೆ, ಅದರ ಸಮೀಪದಲ್ಲಿ ಹುಟ್ಟಿ ತುಂಗಭದ್ರೆಯನ್ನು ಸೇರುವ ಕುಮುದ್ವತಿ ಇವುಗಳನ್ನು ನೆನೆದರೆ, ಗಂಗೆಯ ತೀರದ ಸ್ಮೃತಿಯೂ ತುಂಗೆಯ ಸೀಮೆಯ ಭಕ್ತಿಯೂ ಒಂದೇ ಧರ್ಮದಲ್ಲಿ ಕೂಡಿಕೊಂಡಿರುವುದು ತಿಳಿಯುತ್ತದೆ.

ಆದರೆ ಸ್ನಾನವೆಂಬ ಮಾತಿಗೆ ಬಂದಾಗ ಜೈನಾಚಾರ್ಯರು ಒಂದು ಎಚ್ಚರಿಕೆಯನ್ನು ಕೊಟ್ಟಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಲೋಕಮೂಢತೆಯನ್ನು ವಿವರಿಸುವಾಗ, ನದಿಯಲ್ಲಿಯೂ ಸಮುದ್ರದಲ್ಲಿಯೂ ಮೀಯುವುದನ್ನೇ ಧರ್ಮವೆಂದು ಭಾವಿಸುವುದನ್ನು ಅದರಲ್ಲಿ ಸೇರಿಸಿದ್ದಾರೆ. ಇದು ಅನ್ಯರ ಶ್ರದ್ಧೆಯನ್ನು ಹೀಯಾಳಿಸುವ ಮಾತಲ್ಲ; ಶ್ರಾವಕನು ತನ್ನನ್ನು ತಾನು ತಿದ್ದಿಕೊಳ್ಳಬೇಕಾದ ಮಾತು. ಮೈಯ ಕೊಳೆಯನ್ನು ನೀರು ತೊಳೆಯಬಲ್ಲದು, ಕರ್ಮದ ಕೊಳೆಯನ್ನು ತೊಳೆಯಲಾರದು ಎಂಬುದೇ ಅದರ ಆಶಯ. ದಿಗಂಬರ ಮುನಿಗಳ 28 ಮೂಲಗುಣಗಳಲ್ಲಿ ಅಸ್ನಾನವೂ ಒಂದು. ಅವರು ಸ್ನಾನವನ್ನು ಪೂರ್ಣವಾಗಿ ತ್ಯಜಿಸಿದರು. ಆದರೆ ಪಾನವನ್ನು ತ್ಯಜಿಸಲಿಲ್ಲ. ದಿನಕ್ಕೊಮ್ಮೆ ನಿಂತು, ಕೈಯನ್ನೇ ಪಾತ್ರೆಯಾಗಿ ಮಾಡಿಕೊಂಡು ಆಹಾರದೊಡನೆ ನೀರನ್ನು ಸ್ವೀಕರಿಸುತ್ತಾರೆ. ಸಕಲಸಂಗವನ್ನೂ ಬಿಟ್ಟವರಿಗೂ ನೀರು ಬೇಕು. ಹೀಗಾಗಿ 'ಗಂಗಾಸ್ನಾನ, ತುಂಗಾಪಾನ' ಎಂಬ ನುಡಿಯ ಎರಡು ಭಾಗಗಳಲ್ಲಿ ಮುನಿಮಾರ್ಗದಲ್ಲಿಯೂ ಉಳಿಯುವುದು ಎರಡನೆಯ ಭಾಗವೇ.

ಸ್ನಾನಕ್ಕೂ ಪಾನಕ್ಕೂ ಇರುವ ಭೇದವನ್ನು ಇನ್ನೊಂದು ಬಗೆಯಲ್ಲಿಯೂ ವಿಚಾರಿಸಬೇಕು. ಸ್ನಾನದಲ್ಲಿ ಮನುಷ್ಯನ ಕೊಳೆಯು ನದಿಗೆ ಹೋಗುತ್ತದೆ. ಪಾನದಲ್ಲಿ ನದಿಯು ಮನುಷ್ಯನ ಒಳಗೆ ಬರುತ್ತದೆ. ಕೊಳೆಯನ್ನು ಕೊಟ್ಟು ಶುದ್ಧಿಯನ್ನು ಪಡೆದೆನೆಂದು ಭಾವಿಸುವುದು ಒಂದು ಸಂಬಂಧ. ತನ್ನ ರಕ್ತಮಾಂಸಗಳಲ್ಲಿ ಸೇರುವ ನೀರನ್ನು ಕಾಯಬೇಕೆಂದು ತಿಳಿಯುವುದು ಇನ್ನೊಂದು ಸಂಬಂಧ. ತುಂಗೆಯನ್ನು ಹಿರಿಯರು ಪಾನದ ನದಿಯೆಂದು ಕರೆದರು. ಹಾಗೆ ಕರೆದಾಗ ಒಂದು ಹೊಗಳಿಕೆಯ ಜೊತೆಗೆ ಒಂದು ನಿಯಮವನ್ನೂ ಅವರು ಇಟ್ಟಂತಾಯಿತು. ಕುಡಿಯುವ ಪಾತ್ರೆಯಲ್ಲಿ ಯಾರೂ ಕೈತೊಳೆಯುವುದಿಲ್ಲ. ತುಂಗಾಪಾನವೆಂದು ಬಾಯಿಯಲ್ಲಿ ಹೇಳುತ್ತ, ಊರ ಕೊಳೆಯನ್ನೆಲ್ಲ ತುಂಗೆಗೆ ಬಿಡುವುದು ನುಡಿಯನ್ನೇ ಸುಳ್ಳಾಗಿಸುವ ನಡೆ.

ಕುಡಿಯುವ ಕ್ರಿಯೆಯನ್ನು ಜೈನಧರ್ಮವು ಎಷ್ಟು ಗಂಭೀರವಾಗಿ ಕಂಡಿದೆಯೆಂಬುದಕ್ಕೆ ಜಲಗಾಲನವೇ ನಿದರ್ಶನ. ಪೃಥ್ವಿ, ಜಲ, ಅಗ್ನಿ, ವಾಯು, ವನಸ್ಪತಿ ಇವು ಸ್ಥಾವರ ಜೀವಗಳೆಂಬುದು ಸಿದ್ಧಾಂತ. ನೀರನ್ನು ಆಶ್ರಯಿಸಿದ ತ್ರಸಜೀವಗಳು ಬೇರೆ. ಆದುದರಿಂದ ಶ್ರಾವಕನಿಗೆ ಸೋಸದ ನೀರು ವರ್ಜ್ಯ. 13ನೆಯ ಶತಮಾನದ ಪಂಡಿತ ಆಶಾಧರನ ಸಾಗಾರಧರ್ಮಾಮೃತದಲ್ಲಿ ಹೇಳಿರುವ ಅಷ್ಟಮೂಲಗುಣಗಳ ಒಂದು ಗಣನೆಯಲ್ಲಿ ಜೀವದಯೆಯ ಪಕ್ಕದಲ್ಲಿಯೇ ಜಲಗಾಲನವೂ ಸ್ಥಾನ ಪಡೆದಿದೆ. 36 ಅಂಗುಲ ಉದ್ದ, 24 ಅಂಗುಲ ಅಗಲದ ದಪ್ಪನೆಯ ಬಟ್ಟೆಯನ್ನು ಎರಡು ಮಡಿಕೆಯಾಗಿ ಮಡಿಸಿ ಸೋಸಬೇಕು. ಹೀಗೆ ಸೋಸಿದ ನೀರಿನ ಮರ್ಯಾದೆ ಒಂದು ಮುಹೂರ್ತ, ಎಂದರೆ 48 ನಿಮಿಷ. ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆ. ಈ ಲೆಕ್ಕಗಳು ಹಿರಿಯರಾದ ಶ್ರಾವಿಕೆಯರಿಗೆ ಪುಸ್ತಕವಿಲ್ಲದೆಯೇ ತಿಳಿದಿವೆ.

ಜಲಗಾಲನವು ಸೋಸುವುದರಲ್ಲಿಯೇ ಮುಗಿಯುವುದಿಲ್ಲ ಎಂಬುದು ಇಲ್ಲಿ ಮುಖ್ಯ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಗಳನ್ನು ನೆಲದ ಮೇಲೆ ಕೊಡವಿ ಹೋಗುವಂತಿಲ್ಲ. ಸೋಸಿದ ನೀರಿನಿಂದಲೇ ಬಟ್ಟೆಯನ್ನು ಮೆಲ್ಲನೆ ತೊಳೆದು, ಆ ನೀರನ್ನು ಎಲ್ಲಿಂದ ಸೇದಿದರೋ ಅದೇ ಬಾವಿಗೆ ಅಥವಾ ಅದೇ ಹೊಳೆಗೆ, ಮೇಲಿನಿಂದ ಸುರಿಯದೆ, ನೀರಿನ ಮಟ್ಟಕ್ಕೆ ಇಳಿಸಿ ಬಿಡಬೇಕು. ಇದನ್ನು ಜೀವಾನಿ ಎನ್ನುತ್ತಾರೆ. ಬಾವಿಯ ಜೀವವನ್ನು ಹೊಳೆಗೂ, ಹೊಳೆಯ ಜೀವವನ್ನು ಬಾವಿಗೂ ಬಿಡುವಂತಿಲ್ಲ. ಅದು ತನ್ನ ನೆಲೆಗೇ ಮರಳಬೇಕು. ತೆಗೆದುಕೊಂಡದ್ದು ತನಗೆ ಬೇಕಾದಷ್ಟು ನೀರು ಮಾತ್ರ, ಜೀವವನ್ನಲ್ಲ ಎಂಬ ವಿವೇಕವು ಈ ಆಚರಣೆಯಲ್ಲಿದೆ. ಪಾನವೆಂದರೆ ಪಡೆಯುವುದಷ್ಟೇ ಅಲ್ಲ, ಮರಳಿಸುವುದೂ ಹೌದು. ನೀರನ್ನು ಕುಡಿದವನು ನೀರಿಗೆ ಏನನ್ನು ಮರಳಿ ಬಿಟ್ಟನು ಎಂಬುದರ ಮೇಲೆ ಅವನ ಪಾನದ ಶುದ್ಧಿಯನ್ನು ಅಳೆಯುವುದು ಈ ಧರ್ಮದ ರೀತಿ.

ಬಟ್ಟೆಯಲ್ಲಿ ಸೋಸುವುದರಿಂದ ಏನಾದೀತೆಂದು ಸಂದೇಹಪಡುವವರಿಗೆ ಒಂದು ಸಂಗತಿಯನ್ನು ತಿಳಿಸಬಹುದು. ಬಾಂಗ್ಲಾದೇಶದ ಹಳ್ಳಿಗಳಲ್ಲಿ, ಹಳೆಯ ಸೀರೆಯ ಬಟ್ಟೆಯನ್ನು ಕನಿಷ್ಠ ನಾಲ್ಕು ಮಡಿಕೆಯಾಗಿ ಮಡಿಸಿ ಅದರಲ್ಲಿ ನೀರನ್ನು ಸೋಸುವ ರೂಢಿಯನ್ನು ಕಲಿಸಿದಾಗ ಕಾಲರಾ ರೋಗವು ಶೇಕಡಾ 48 ರಷ್ಟು ಕಡಿಮೆಯಾಯಿತೆಂದು ರೀಟಾ ಕಾಲ್ವೆಲ್ ಎಂಬ ವಿಜ್ಞಾನಿಯೂ ಅವರ ಸಹೋದ್ಯೋಗಿಗಳೂ 2003 ರಲ್ಲಿ ಪ್ರಕಟಿಸಿದರು. ಕಾಲರಾದ ಅಣುಜೀವಿಗಳು ನೀರಿನ ಅತಿಸಣ್ಣ ಪ್ರಾಣಿಗಳಿಗೆ ಅಂಟಿಕೊಂಡಿರುವುದರಿಂದ, ಆ ಪ್ರಾಣಿಗಳನ್ನು ಬಟ್ಟೆಯು ತಡೆದಾಗ ರೋಗವೂ ತಡೆಯಲ್ಪಡುತ್ತದೆ. ಜೀವದಯೆಗಾಗಿ ಹಿಡಿದ ಬಟ್ಟೆಯು ಕುಡಿಯುವವನಿಗೂ ರಕ್ಷೆಯಾದದ್ದು ಹೀಗೆ. ಆದರೆ ಬಟ್ಟೆಗೂ ಒಂದು ಮಿತಿಯುಂಟು. ನೀರಿನಲ್ಲಿ ಕರಗಿದ ವಿಷವನ್ನು ಅದು ತಡೆಯಲಾರದು. ಮನೆಯ ಹೊಸ್ತಿಲಲ್ಲಿ ಎಷ್ಟೇ ಮಡಿಕೆಯ ಬಟ್ಟೆಯನ್ನು ಹಿಡಿದರೂ, ನದಿಯೇ ಕೆಟ್ಟಮೇಲೆ ಶ್ರಾವಕನ ವ್ರತವು ಪೂರ್ಣವಾಗದು.

ಈ ಸಂದರ್ಭದಲ್ಲಿ ಭದ್ರೆಯ ಮಾತನ್ನೂ ಎತ್ತಬೇಕು. ಒಂದೇ ಗಿರಿಯಲ್ಲಿ ಹುಟ್ಟಿದ ಅಕ್ಕತಂಗಿಯರಲ್ಲಿ ನಾಣ್ಣುಡಿಯು ತುಂಗೆಯೊಬ್ಬಳ ಹೆಸರನ್ನೇ ಹೇಳಿತು. ಪ್ರಾಸದ ಸೌಕರ್ಯವೂ ಇದಕ್ಕೆ ಕಾರಣವಾಗಿರಬಹುದು. ಆದರೆ ಭದ್ರೆಯು ಹೊತ್ತ ಭಾರ ಕಡಿಮೆಯದಲ್ಲ. ಕಳಸ, ಬಾಳೆಹೊನ್ನೂರುಗಳನ್ನು ಹಾದು, ಲಕ್ಕವಳ್ಳಿಯ ಅಣೆಕಟ್ಟಿನಲ್ಲಿ ನಿಂತು ಸಾವಿರಾರು ಎಕರೆ ಗದ್ದೆ ತೋಟಗಳಿಗೆ ನೀರುಣಿಸಿ, ಅದು ಭದ್ರಾವತಿಗೆ ಬರುತ್ತದೆ. ಹಿಂದೆ ಬೆಂಕಿಪುರವೆನಿಸಿದ್ದ ಆ ಊರು ನದಿಯ ಹೆಸರನ್ನೇ ತನ್ನ ಹೆಸರಾಗಿ ಪಡೆಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದ ಫಲವಾಗಿ 1923 ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಗೂ, 1936 ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಗೂ ಬೇಕಾಗಿದ್ದ ನೀರು ಭದ್ರೆಯದೇ ಆಗಿತ್ತು. ಸಾವಿರಾರು ಕುಟುಂಬಗಳು ಆ ಕುಲುಮೆಗಳ ಬೆಳಕಿನಲ್ಲಿ ಬದುಕನ್ನು ಕಟ್ಟಿಕೊಂಡವು. ನದಿಯ ಮೇಲ್ಭಾಗದಲ್ಲಿ ಕುದುರೆಮುಖದ ಅದಿರಿನ ಗಣಿಗಾರಿಕೆ ನಡೆಯುತ್ತಿದ್ದಾಗ ಮಳೆಗಾಲದಲ್ಲಿ ಹೂಳನ್ನು ಹೊತ್ತವಳೂ ಭದ್ರೆಯೇ. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ಆ ಗಣಿಗಾರಿಕೆಯು 2005 ರ ಕೊನೆಗೆ ನಿಂತಿತು. ತುಂಗೆಗೆ ಹೊಗಳಿಕೆಯೂ ಭದ್ರೆಗೆ ದುಡಿಮೆಯೂ ಪಾಲಾಗಿ ಬಂದವೆಂದರೆ ಅತಿಶಯೋಕ್ತಿಯಾಗಲಾರದು.

ಆದರೆ ಕೂಡಲಿಯಲ್ಲಿ ಈ ಭೇದವು ಉಳಿಯುವುದಿಲ್ಲ. ಸಂಗಮದಿಂದ ಮುಂದಕ್ಕೆ ಹೊನ್ನಾಳಿಯವರೂ, ಹರಿಹರದವರೂ, ಹಂಪೆಯವರೂ, ಮಂತ್ರಾಲಯದವರೂ ಕುಡಿಯುವುದು ತುಂಗಭದ್ರೆಯನ್ನು. ಸುಮಾರು 531 ಕಿಲೋಮೀಟರ್ ಹರಿದು ಕೃಷ್ಣೆಯನ್ನು ಸೇರುವ ಆ ನದಿಯ ದಡದಲ್ಲಿ ಬೊಗಸೆಯೊಡ್ಡುವವನಿಗೆ ತನ್ನ ಬೊಗಸೆಯಲ್ಲಿ ಶಿವಮೊಗ್ಗದ ಪಾಲೆಷ್ಟು, ಭದ್ರಾವತಿಯ ಪಾಲೆಷ್ಟು ಎಂದು ಬೇರ್ಪಡಿಸಲಾಗದು. ತುಂಗಾಪಾನದ ಹಿರಿಮೆಯನ್ನು ಹೇಳಿಕೊಳ್ಳುವ ಊರು, ತನ್ನ ಕೆಳಗಿನ ಊರುಗಳ ಪಾನಕ್ಕೂ ಹೊಣೆಯಾಗುತ್ತದೆ.

ಇಂದಿನ ಸ್ಥಿತಿಯನ್ನು ಮರೆಮಾಚಿ ಪ್ರಯೋಜನವಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018 ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಕರ್ನಾಟಕದಲ್ಲಿ ಕಲುಷಿತ ಭಾಗಗಳಿರುವ 17 ನದಿಗಳ ಹೆಸರಿತ್ತು. ಅವುಗಳಲ್ಲಿ ತುಂಗೆಯೂ, ಭದ್ರೆಯೂ, ತುಂಗಭದ್ರೆಯೂ ಇದ್ದವು. ಪಾನಕ್ಕೆ ಹೆಸರಾದ ನದಿಯು ಅಂಥ ಪಟ್ಟಿಯಲ್ಲಿ ಕಾಣಿಸಿಕೊಂಡದ್ದು ಈ ಸೀಮೆಯ ಜನರಿಗೆ ನೋವಿನ ಸಂಗತಿ. ಇದಕ್ಕೆ ಕಾರಣವನ್ನು ಕಾರ್ಖಾನೆಗಳಲ್ಲಿ ಮಾತ್ರ ಹುಡುಕಿದರೆ ಸಾಲದು. ಮನೆಯ ಬಚ್ಚಲಿನಲ್ಲಿಯೂ ಹುಡುಕಬೇಕು. ಒಳಚರಂಡಿಯಿರುವ ಪಟ್ಟಣಗಳಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ನೀರನ್ನು ಒದಗಿಸಬೇಕೆಂದು ಯೋಜಕರು ಲೆಕ್ಕ ಹಾಕುತ್ತಾರೆ. ಅದರಲ್ಲಿ ಕುಡಿಯಲು ತಗಲುವುದು ಎರಡು ಮೂರು ಲೀಟರ್ ಮಾತ್ರ. ಒದಗಿಸಿದ ನೀರಿನ ಶೇಕಡಾ 80 ರಷ್ಟು ಕೊಳೆನೀರಾಗಿ ಹೊರಬೀಳುವುದೆಂಬುದು ಅವರದೇ ಲೆಕ್ಕ. ಎಂದರೆ ಎರಡು ಮೂರು ಲೀಟರ್ ತುಂಗಾಪಾನ ಮಾಡಿದವನು ದಿನವೂ 108 ಲೀಟರ್ ಕೊಳೆನೀರನ್ನು ಹೊರಕ್ಕೆ ಬಿಡುತ್ತಾನೆ. ಅದು ಶುದ್ಧವಾಗದೆ ಕಾಲುವೆ ಹಿಡಿದು ಹೋದರೆ, ಸೇರುವುದು ಮತ್ತೆ ಅದೇ ಹೊಳೆಯನ್ನು.

108 ಎಂಬ ಸಂಖ್ಯೆಯು ಶ್ರಾವಕರಿಗೆ ಅಪರಿಚಿತವಲ್ಲ. ಜಪಮಾಲೆಯ ಮಣಿಗಳು ಅಷ್ಟೇ. ಸಂರಂಭ, ಸಮಾರಂಭ, ಆರಂಭಗಳೆಂಬ ಮೂರನ್ನು ಮನ ವಚನ ಕಾಯಗಳೆಂಬ ಮೂರರಿಂದಲೂ, ಕೃತ ಕಾರಿತ ಅನುಮೋದನಗಳೆಂಬ ಮೂರರಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿದಾಗ ಆಸ್ರವದ 108 ದ್ವಾರಗಳಾಗುತ್ತವೆಂದು ಶಾಸ್ತ್ರ ಹೇಳುತ್ತದೆ. ಆಸ್ರವವೆಂಬ ಮಾತಿನ ಮೂಲಾರ್ಥವೇ ಒಳಹರಿವು. ದೋಣಿಯ ರಂಧ್ರದಿಂದ ನೀರು ಒಳನುಗ್ಗುವಂತೆ ಕರ್ಮವು ಆತ್ಮನೊಳಗೆ ಬರುತ್ತದೆ. ಆ ರಂಧ್ರವನ್ನು ಮುಚ್ಚುವುದೇ ಸಂವರ. ನದಿಯ ವಿಷಯದಲ್ಲಿಯೂ ಈ ಕ್ರಮವೇ ಸರಿ. ಕೊಳೆಯು ಒಳಬರುವ ದಾರಿಯನ್ನು ಮುಚ್ಚದೆ, ವರ್ಷಕ್ಕೊಮ್ಮೆ ದಡದ ಕಸವನ್ನು ಬಾಚಿದರೆ ಫಲವು ಅಲ್ಪ. ತಾನು ಸ್ವತಃ ಹೊಳೆಗೆ ಏನನ್ನೂ ಎಸೆದಿಲ್ಲವೆಂದು ಹೇಳುವವನು ಕೃತದಿಂದ ಪಾರಾಗಬಹುದು. ಆದರೆ ತನ್ನ ಮನೆಯ ಕೊಳೆಯನ್ನು ಎಲ್ಲಿಗೆ ಬೇಕಾದರೂ ಹೋಗಲೆಂದು ಬಿಟ್ಟರೆ ಅದು ಕಾರಿತ. ಊರಿಗೆ ಊರೇ ಹಾಗೆ ಮಾಡುತ್ತಿರುವಾಗ ಸುಮ್ಮನಿದ್ದರೆ ಅದು ಅನುಮೋದನೆಗೆ ಸಮೀಪ. ಈ ಸೂಕ್ಷ್ಮವನ್ನು ಜೈನಶಾಸ್ತ್ರವು ಬಲ್ಲಷ್ಟು ಬೇರೆ ಯಾವ ಕಾಯಿದೆಯೂ ಬಲ್ಲದೆಂದು ತೋರುವುದಿಲ್ಲ.

ಭಾಷೆಯಲ್ಲಿ ನೀರಿನ ಕುರಿತು ಇನ್ನೊಂದು ರೂಢಿಯ ಮಾತಿದೆ. ದುಂದುಗಾರನನ್ನು ಕಂಡು 'ಹಣವನ್ನು ನೀರಿನಂತೆ ಚೆಲ್ಲಿದ' ಎನ್ನುತ್ತಾರೆ. ಹಣವನ್ನು ಚೆಲ್ಲಬಾರದು, ನೀರನ್ನು ಚೆಲ್ಲಬಹುದು ಎಂಬ ಭಾವನೆಯು ಈ ಮಾತಿನೊಳಗೆ ಅಡಗಿದೆ. ಉತ್ತರದೇಶದ ಜೈನರಲ್ಲಿ ಇದಕ್ಕೆ ವಿರುದ್ಧವಾದ ಮಾತುಂಟು. ನೀರನ್ನು ತುಪ್ಪದಂತೆ ಬಳಸಬೇಕೆಂದು ಅವರು ಹೇಳುತ್ತಾರೆ. ಸಮಂತಭದ್ರರು ಅನರ್ಥದಂಡಗಳಲ್ಲಿ ಪ್ರಮಾದಚರ್ಯೆಯನ್ನು ವಿವರಿಸುವಾಗ, ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಉರಿಸುವುದು ಮುಂತಾದವನ್ನು ಅದರಲ್ಲಿ ಸೇರಿಸಿದ್ದಾರೆ. ನೀರನ್ನು ಬಳಸುವುದು ಗೃಹಸ್ಥನಿಗೆ ಅನಿವಾರ್ಯ. ನಿಷ್ಪ್ರಯೋಜಕವಾಗಿ ಬಳಸುವುದು ದೋಷ. ಹೊಳೆಯಲ್ಲಿ ನೀರು ತುಂಬಿ ಹರಿಯುತ್ತಿದ್ದರೂ ಈ ದೋಷವು ತಪ್ಪುವುದಿಲ್ಲ. ಏಕೆಂದರೆ ವ್ರತವನ್ನು ಹೇಳಿರುವುದು ನೀರಿನ ಕೊರತೆಗಾಗಿ ಅಲ್ಲ, ಮನಸ್ಸಿನ ಪ್ರಮಾದವನ್ನು ತಡೆಯುವುದಕ್ಕಾಗಿ.

ಹಾಗಾದರೆ ತುಂಗಾಪಾನದ ಆಚರಣೆಯೆಂದರೇನು? ಅದು ದೊಡ್ಡ ಸಂಗತಿಗಳಿಂದ ಮೊದಲಾಗಬೇಕಾಗಿಲ್ಲ. ಮನೆಯಲ್ಲಿ ಸೋಸುವ ಬಟ್ಟೆಯು ಮತ್ತೆ ತನ್ನ ಸ್ಥಾನಕ್ಕೆ ಬರಲಿ. ನಲ್ಲಿಯ ನೀರಾದರೂ ಅದು ನದಿಯಿಂದಲೇ ಬಂದದ್ದೆಂಬ ನೆನಪು ಅದರಿಂದ ಉಳಿಯುತ್ತದೆ. ಪಾತ್ರೆ ಬಟ್ಟೆಗಳನ್ನು ತೊಳೆಯುವ ಪುಡಿಗಳ ಬಳಕೆಯು ಮಿತವಾಗಲಿ. ಬಸದಿಯಲ್ಲಿ ಪೂಜೆಗೆ ಬಳಸಿದ ಹೂ, ಅಕ್ಷತೆ ಮೊದಲಾದವು ಹೊಳೆಯನ್ನು ಸೇರದೆ ಅಂಗಳದ ಗೊಬ್ಬರದ ಗುಂಡಿಯನ್ನು ಸೇರಲಿ. ಅಭಿಷೇಕದ ನೀರು ತುಳಿದಾಡುವ ಚರಂಡಿಗೆ ಹೋಗದೆ ಗಿಡಗಳ ಬುಡಕ್ಕೆ ಇಳಿಯುವಂತೆ ಕಟ್ಟಡದಲ್ಲಿಯೇ ವ್ಯವಸ್ಥೆಯಾಗಲಿ. ಬಸದಿಯ ಮಾಡಿನ ಮೇಲೆ ಬಿದ್ದ ಮಳೆಯನ್ನು ಬಾವಿಗೆ ಇಳಿಸುವುದು ಕಷ್ಟದ ಕೆಲಸವಲ್ಲ. ಪಟ್ಟಣದ ಕೊಳೆನೀರನ್ನು ಶುದ್ಧಿಮಾಡಿಯೇ ನದಿಗೆ ಬಿಡಬೇಕೆಂದು ಆಡಳಿತವನ್ನು ಕೇಳುವ ದನಿಗಳಲ್ಲಿ ಶ್ರಾವಕರ ದನಿಯೂ ಸೇರಲಿ. ಇವುಗಳಲ್ಲಿ ಯಾವುದೂ ಹೊಸ ಧರ್ಮವಲ್ಲ. ಜೀವಾನಿಯ ವಿವೇಕವನ್ನೇ ಮನೆಯಿಂದ ಊರಿಗೆ ವಿಸ್ತರಿಸುವುದು.

ಕೊನೆಯದಾಗಿ ತೀರ್ಥವೆಂಬ ಶಬ್ದವನ್ನು ನೆನೆಯುವುದು ಉಚಿತ. ತೀರ್ಥವೆಂದರೆ ನದಿಯನ್ನು ದಾಟುವ ಕಡವು, ನೀರಿಗಿಳಿಯುವ ಮೆಟ್ಟಿಲು. ಸಂಸಾರವೆಂಬ ಹೊಳೆಯನ್ನು ದಾಟುವ ಕಡವನ್ನು ನಿರ್ಮಿಸಿಕೊಟ್ಟವನೇ ತೀರ್ಥಂಕರ. ಧರ್ಮದ ಅತ್ಯುನ್ನತ ಪದವಿಗೆ ಹೆಸರನ್ನು ಕೊಡುವಾಗ ಪ್ರಾಚೀನರಿಗೆ ಒದಗಿದ ಉಪಮಾನವು ನದಿಯ ದಡವೇ ಆಗಿತ್ತು. ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವುದು ಲೋಕದ ರೂಢಿಯೆಂದು ಇನ್ನೊಂದು ಗಾದೆಯು ಎಚ್ಚರಿಸುತ್ತದೆ. ಅಂಬಿಗನನ್ನಾಗಲಿ ಹೊಳೆಯನ್ನಾಗಲಿ ಮರೆಯದಿರುವುದು ಶ್ರಾವಕನಿಗೆ ಒಪ್ಪುವ ನಡತೆ.

'ತುಂಗಾಪಾನ' ಎಂಬ ನುಡಿಯನ್ನು ಹಿರಿಯರು ಕಿರಿಯರಿಗೆ ಕೊಟ್ಟಾಗ ಅದು ನಿಜವಾಗಿತ್ತು. ದಡದಲ್ಲಿ ನಿಂತು ಬೊಗಸೆಯಲ್ಲಿ ಎತ್ತಿ ಕುಡಿದವರ ಅನುಭವವೇ ಅದಕ್ಕೆ ಪ್ರಮಾಣ. ನುಡಿಯನ್ನು ಕಾಪಾಡುವುದು ಪುಸ್ತಕದಿಂದ ಸಾಧ್ಯ. ಅದರ ನಿಜವನ್ನು ಕಾಪಾಡುವುದು ನದಿಯಲ್ಲಿ ಮಾತ್ರ ಸಾಧ್ಯ. ಈ ಬಸದಿಯಲ್ಲಿ ಇಂದು ಪ್ರತಿಷ್ಠೆಗೊಳ್ಳುವ ಜಿನಬಿಂಬಕ್ಕೆ ಮುಂದಿನ ತಲೆಮಾರುಗಳ ಶ್ರಾವಕರೂ ತುಂಗಾಭದ್ರೆಯರ ನೀರನ್ನು ಶಂಕೆಯಿಲ್ಲದೆ ಕಲಶದಲ್ಲಿ ತುಂಬಿ ತರುವಂತಾಗಲಿ. ಅವರ ಮಕ್ಕಳಿಗೂ ಈ ನಾಣ್ಣುಡಿಯು ಹಳೆಯ ಕಾಲದ ಕಥೆಯಾಗದೆ ನಾಲಗೆಯ ಮೇಲಿನ ಸಿಹಿಯಾಗಿಯೇ ಉಳಿಯಲಿ.